ಮೂಲೆಕಂಬದ ಜಾಗ

ಸಿಂದಗಿ ರಸ್ತೆಯ ಆ ಹಳೇ ವಾಡೆ ಈಗ ಹೋಟೆಲಾಗಿದೆ. ಹೊರಗೆ ಬಣ್ಣದ ದೀಪ, ಪಡಸಾಲೆಯ ಸಾಗವಾನಿ ಕಂಬಗಳ ನಡುವೆ ಟೇಬಲ್ಲು. ಅವ್ವನ ಅಕ್ಕ, ನನ್ನ ದೊಡ್ಡವ್ವ, ಸೊಸೆಯಾಗಿ ಬಂದದ್ದು ಇದೇ ಮನೆಗೆ. ಆಗ ಹೆಂಗಸರು ಪಡಸಾಲೆಗೆ ಕಾಲಿಡುವಂತಿರಲಿಲ್ಲ. ಗಂಡಸರದು ಮುಗಿದ ಮೇಲೆ ಅಡುಗೆಮನೆ ಪಕ್ಕದ ಕತ್ತಲಕೋಣೆಯಲ್ಲಿ ಅವರ ಊಟ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ದೊಡ್ಡವ್ವನ ಗಂಡನನ್ನೂ ಪಡಸಾಲೆಯ ಮೂಲೆಕಂಬಕ್ಕೆ ಒರಗಿಸಿ ಕೂಡಿಸಿದ್ದರು. ಗಂಡಸರಿದ್ದಾರೆಂದು ಅತ್ತೆ ಇವಳನ್ನು ಬಾಗಿಲಲ್ಲೇ ತಡೆದಳು. ಆ ಗಂಡಸರ ತಲೆಯ ಪಟಗಗಳ ಮೇಲಿಂದ ಅವನ ಹಣೆಯ ವಿಭೂತಿ ಒಂದಿಷ್ಟು ಕಂಡಿತಂತೆ, ಅಷ್ಟೇ. ಅವರ ಮರ್ಯಾದೆಗಿಷ್ಟು ಬೆಂಕಿ ಹಾಕಲಿ.

ಹೋದ ವರ್ಷ ಇಂಡಿ ಪಟ್ಟಣದ ಡಾಕ್ಟರು ದೊಡ್ಡವ್ವನ ಹೊಟ್ಟೆಯ ಗಂಟು ನೋಡಿ ಕೈಚೆಲ್ಲಿದರು. ಏನಾದರೂ ಆಸೆ ಇದೆಯಾ ಎಂದು ಕೇಳಿದೆ.

"ಅವರು ಕುಂತ ಕಂಬದ ಕಡೆ ಒಂದ್ಸಲ ಕುಂತು ಒಂದು ತುತ್ತು ಉಣಬೇಕು ತಂಗಿ," ಅಂದಳು.

ಕರೆದುಕೊಂಡು ಹೋದೆ. ಬಾಗಿಲಲ್ಲೇ ಸಪ್ಲೈಯರ್ ಅಡ್ಡ ಬಂದ. "ಇಲ್ಲಿ ಬರೇ ಗಂಡಸರು ಕೂಡ್ತಾರ್ರಿ. ಲೇಡೀಸಿಗೆ ಫ್ಯಾಮಿಲಿ ರೂಮ್ ಒಳಗ ಐತ್ರಿ."

ಅವನು ಕೈ ತೋರಿಸಿದ್ದು ಅದೇ ಕತ್ತಲಕೋಣೆಗೆ. ಈಗ ಅಲ್ಲೊಂದು ಟ್ಯೂಬ್‌ಲೈಟು, ಒಂದು ಪರದೆ. ನಾನು ಬಾಯಿ ತೆಗೆಯುವಷ್ಟರಲ್ಲಿ ದೊಡ್ಡವ್ವ ಸೆರಗು ಹೊದ್ದು, ಗೋಡೆ ಹಿಡಿದು ಒಳಗೆ ಹೋಗಿಯೇಬಿಟ್ಟಿದ್ದಳು.

ನನ್ನ ಪಿತ್ತ ನೆತ್ತಿಗೇರಿತು. ಗಲ್ಲೆಯ ಮೇಲಿದ್ದ ಮಾಲೀಕನ ಜೊತೆ ಜಗಳ ತೆಗೆದೆ. ಪಾಪ, ಅವನು ಕೆಟ್ಟವನಲ್ಲ. ವಿಷಯ ಕೇಳಿ ಮುಖ ಸಣ್ಣದು ಮಾಡಿಕೊಂಡ. "ಮೊದಲೇ ಹೇಳಬಾರದೇನ್ರಿ ಅಕ್ಕಾರ," ಎಂದು ಮೂಲೆಕಂಬದ ಟೇಬಲ್ಲನ್ನು ತಾನೇ ಒರೆಸಿ ಕೊಟ್ಟ. ನಾನು ಗೆದ್ದೆ ಅಂದುಕೊಂಡು ಒಳಗೆ ಓಡಿದೆ.

ದೊಡ್ಡವ್ವ ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತಿದ್ದಳು.

"ನಡಿ ದೊಡ್ಡವ್ವ, ಕಂಬದ ಕಡೆ ಜಾಗಾ ಸಿಕ್ಕೈತಿ."

ಪರದೆಯಾಚೆ ಗಂಡಸರ ನಗು ಕೇಳುತ್ತಿತ್ತು. ಅವಳು ದನಿ ತಗ್ಗಿಸಿ ಕೇಳಿದಳು: "ಅವರದೆಲ್ಲ ಊಟ ಆತೇನು?"

"ಇದು ಹೋಟೆಲ್. ಅವರದು ಎಂದೂ ಮುಗಿಯಂಗಿಲ್ಲ."

"ಆಗ್ಲಿ, ತಾಳು," ಅಂದಳು.

ತಂದಿಟ್ಟ ರೊಟ್ಟಿ, ಎಣ್ಣೆಗಾಯಿ ಆರಿ ತಣ್ಣಗಾದವು. ಹೊರಗೆ ಒಂದು ಗುಂಪು ಎದ್ದರೆ ಇನ್ನೊಂದು ಬಂದು ಕೂಡುತ್ತಿತ್ತು. ಕೊನೆಗೆ ಅವಳೇ ಮನೆಗೆ ನಡಿ ಅಂದಳು. ಹೊರಬರುವಾಗಲೂ ಮುಖ ಗೋಡೆಯ ಕಡೆಗೇ ಇತ್ತು, ಕಂಬವನ್ನು ನೋಡಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು.

ಮುಂದಿನ ತಿಂಗಳು ಅವಳು ತೀರಿಕೊಂಡಳು. ಮಣ್ಣಿಗೊಯ್ಯುವ ಮುಂಚೆ ಅವಳನ್ನು ನಮ್ಮ ಮನೆಯ ಪಡಸಾಲೆಯಲ್ಲಿ, ಅಷ್ಟೂ ಗಂಡಸರ ಎದುರು, ಗೋಡೆಗೆ ಒರಗಿಸಿ ಕೂಡಿಸಿದೆವು.