ಎಲೆ ಮುಗಿಯುವ ತನಕ

ನಮ್ಮ ಸೋದರಮಾವ ಪುಟ್ಟಮಾದಪ್ಪನವರು ಸಿಟ್ಟು ಬಂದರೆ ಮಾತಾಡುತ್ತಿರಲಿಲ್ಲ, ಎಲೆ ಮಡಚುತ್ತಿದ್ದರು. ಸುಣ್ಣ ಸವರಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡರೆ ಅದು ಮುಗಿಯುವ ತನಕ ಎದುರಿಗಿದ್ದವರು ಕಾಯಬೇಕಿತ್ತು. "ಮಾತೇನು ಓಡೋಯ್ತದಾ? ತಡಿ ಕಣವ್ವ," ಎನ್ನುತ್ತಿದ್ದರು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆ ಮಾತುಕತೆಗೂ ಅವರಿಲ್ಲದೆ ಜನ ಹೊರಡುತ್ತಿರಲಿಲ್ಲ. ನನ್ನ ಮಾತುಕತೆಯ ದಿನ ಗಂಡಿನ ಕಡೆಯವರೊಬ್ಬರು, "ಹುಡುಗಿ ಬಣ್ಣ ಕಮ್ಮಿ," ಅಂದುಬಿಟ್ಟರು. ಮಾವ ಒಂದು ಎಲೆ ಪೂರ್ತಿ ಅಗಿದು ಆಮೇಲೆ ಮೆಲ್ಲಗೆ, "ಊಟಕ್ಕೇಳಿ ಅಣ್ಣೋರೇ, ಅನ್ನ ಬೆಳ್ಳಗದೆ," ಎಂದರು. ಎಲ್ಲರೂ ನಕ್ಕರು, ಮದುವೆ ಕುದುರಿತು. ನನ್ನ ಕೈ ಹಿಡಿದು ಮಂಟಪಕ್ಕೆ ಕರೆತಂದವರೂ ಅವರೇ. ನಮ್ಮಲ್ಲಿ ಅದು ಸೋದರಮಾವನ ಹಕ್ಕು.

ಹೋದ ವರ್ಷ ರಾಮಾಪುರದಿಂದ ಬರುವಾಗ ಅವರ ಬೈಕಿಗೆ ಕಾಡುಹಂದಿ ಅಡ್ಡ ಬಂತು. ಹೆಲ್ಮೆಟ್ಟು ಹ್ಯಾಂಡಲ್ಲಿನಲ್ಲಿ ನೇತಾಡುತ್ತಿತ್ತು. ಹಣೆಯ ಗಾಯ ಮಾಯಿತು, ನಡಿಗೆ, ನೆನಪು ಎಲ್ಲ ಮೊದಲಿನಂತೆಯೇ ಇದ್ದವು. "ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿದೆ. ಬಾಯಿಗೆ ಬಂದದ್ದನ್ನ ತಡೆಯೋದು, ಇನ್ನೊಬ್ಬರ ನೋವು ಯೋಚಿಸೋದು ಅದರ ಕೆಲಸ. ಅವರು ಬೇಕಂತ ಮಾಡಲ್ಲ, ಬೈಬೇಡಿ," ಎಂದರು ಮೈಸೂರಿನ ಡಾಕ್ಟರು. ತಲೆಯಾಡಿಸಿದೆ. ಆದರೆ ಸಾವಿನ ಮನೆಯೊಂದರಲ್ಲಿ ಮಾವ ಹೆಣದ ಮುಂದೆ ನಿಂತು, "ಜಿಪುಣ ನನ್ಮಗ, ಕೊನೆಗೂ ಓದ," ಎಂದು ನಕ್ಕಾಗ ರಟ್ಟೆ ಹಿಡಿದು ಎಳೆತಂದು ಬಾಯಿಗೆ ಬಂದಂತೆ ಬೈದೆ. ಎಲೆ ಕೊಟ್ಟರೆ ಸುಮ್ಮನಿರುತ್ತಾರೇನೋ ಎಂದು ಕೊಟ್ಟುನೋಡಿದೆವು. ಅಗಿಯುತ್ತಲೇ ಮಾತಾಡಿದರು.

ಹೋದ ತಿಂಗಳು ಯಳಂದೂರಿನಲ್ಲಿ ನನ್ನ ತಂಗಿಯ ಮದುವೆ. ಬೀಗರ ಮುಂದೆ ಏನು ಅಂದುಬಿಡುತ್ತಾರೋ ಎಂಬ ಭಯಕ್ಕೆ, ಮಾವನನ್ನು ಬಿಟ್ಟು ಹೋಗೋಣ ಎಂದವಳು ನಾನೇ. ತಂಗಿ ಅತ್ತಳು, ನಾನು ಜಗ್ಗಲಿಲ್ಲ. ಹೊಸ ಪಂಚೆ ಉಟ್ಟು ಎಲ್ಲರಿಗಿಂತ ಮೊದಲೇ ಜಗುಲಿಯಲ್ಲಿ ಕೂತಿದ್ದ ಅವರಿಗೆ, "ಇನ್ನೊಂದು ಕಾರು ಬತ್ತದೆ ಮಾವ," ಎಂದು ಹೇಳಿ, ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಒಪ್ಪಿಸಿ ಹೊರಟೆ. ಮಂಟಪಕ್ಕೆ ತಂಗಿಯನ್ನು ಕರೆತಂದವರು ದೂರದ ನೆಂಟ ಮಾದೇವಣ್ಣ.

ಸಂಜೆ ಮರಳಿದಾಗ ಮಾವ ಅಲ್ಲೇ ಕೂತಿದ್ದರು.

"ಕಾರು ಬರ್ಲೇ ಇಲ್ವಲ್ಲವ್ವ. ಕೂಸ್ನ ಮಂಟಪಕ್ಕೆ ಯಾರು ಕರ್ಕಬಂದ್ರು?"

"ಮಾದೇವಣ್ಣ."

ಬೈಯಲಿ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ.

"ಅವ್ನಾ? ಸೊಟ್ಟಗಾಲ!" ಎಂದು ನಕ್ಕು ಕೈ ಚಾಚಿದರು. "ಲಾಡು ತಂದಿದ್ದೀಯಾ?"

ಕೊಟ್ಟೆ. ತಿಂದರು. "ಪಂಚೆ ಬದಲಿಸಿ ಮಾವ," ಎಂದರೆ ಮಾತ್ರ ಏಳಲಿಲ್ಲ.

"ಇರ್ಲಿ ಬುಡವ್ವ. ಕಾರು ಬತ್ತದೆ ಅಂದಿದ್ಯಲ್ಲ ನೀನು."