ಜರ್ಮನರ ಊರಿನಲ್ಲಿ ಕನ್ನಡದ ಕಾರ್ಯದರ್ಶಿ

ಬೇರೆಯವರ ಮನೆಯ ಮಗು ಕನ್ನಡ ಮರೆತಿದೆ ಎಂದು ತಿಳಿದರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ತಪ್ಪು ತಿಳಿಯಬೇಡಿ. ನಾನು ಅಮೆರಿಕದ ರಾಲಿ ಎಂಬ ಊರಿನ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಎಲ್ಲರ ಮಕ್ಕಳೂ ಚೆನ್ನಾಗಿ ಕನ್ನಡ ಮಾತಾಡಿಬಿಟ್ಟರೆ ರಾಜ್ಯೋತ್ಸವದಲ್ಲಿ ನಾನು ಯಾವುದರ ಮೇಲೆ ಭಾಷಣ ಮಾಡಲಿ? ಆ ಭಾಷಣವನ್ನು ಇಂಗ್ಲಿಷಿನಲ್ಲಿ ಮಾಡುತ್ತೇನೆ. ಮಕ್ಕಳಿಗೆ ಅರ್ಥವಾಗಬೇಕಲ್ಲ.

ಹೀಗಿರುವ ನಾನು ಹೋದ ಅಕ್ಟೋಬರಿನಲ್ಲಿ ಹೆಂಡತಿ ಸುಮಾ ಮತ್ತು ಹನ್ನೆರಡು ವರ್ಷದ ಮಗಳು ಅನಘಾಳ ಜೊತೆ, ಎರಡು ಗಂಟೆ ದಾರಿಯ ಒಂದು ಪುಟ್ಟ ಊರಿಗೆ ಹೋದೆ. ಹಿಂದೆ ಜರ್ಮನಿಯಿಂದ ವಲಸೆ ಬಂದವರು ಕಟ್ಟಿದ ಊರಂತೆ, ಈಗ ಅದನ್ನು ಹಳೆಯ ಕಾಲದಂತೆಯೇ ಕಾಪಾಡಿ ಪ್ರವಾಸಿಗರಿಗೆ ತೋರಿಸುತ್ತಾರೆ. ಕನ್ನಡಿಗರು ಇಲ್ಲಿ ಯಾವ ಚಾರಿತ್ರಿಕ ಸ್ಥಳಕ್ಕೆ ಹೋದರೂ ಮೊದಲು ದರ್ಶನ ಮಾಡುವುದು ಪಾರ್ಕಿಂಗ್ ಲಾಟನ್ನು. ಪುಳಿಯೋಗರೆ ಡಬ್ಬಿ ಬಿಚ್ಚುವುದು ಅಲ್ಲೇ. ಅದು ಮುಗಿದ ಮೇಲೆ ಚರಿತ್ರೆಯ ಕಡೆ ನಡೆದೆವು.

ಇಟ್ಟಿಗೆ ಮನೆಗಳು, ಹಪ್ಪಳಕ್ಕಿಂತ ತೆಳ್ಳಗಿನ ಶುಂಠಿ ಬಿಸ್ಕತ್ತು, ಹಳೆಯ ಕಾಲದ ಕೋಟು ತೊಟ್ಟು ಫೋನ್ ನೋಡುತ್ತಿದ್ದ ಕಮ್ಮಾರ. ಊರು ತೋರಿಸಲು ಬಂದ ಬಿಳಿ ಟೋಪಿಯ ಅಜ್ಜಿ ಆ ವಲಸಿಗರ ವಂಶದವರೇ. ‘ನಿಮಗೆ ಜರ್ಮನ್ ಬರುತ್ತದೆಯೇ?’ ಎಂದು ಕೇಳಿದೆ. ಒಂದಕ್ಷರವೂ ಬಾರದಂತೆ. ಕ್ರಿಸ್‌ಮಸ್ಸಿಗೆ ಒಂದು ಜರ್ಮನ್ ಹಾಡು ಹೇಳುತ್ತಾರೆ, ಅದರ ಅರ್ಥ ಊರಿನಲ್ಲಿ ಯಾರಿಗೂ ಗೊತ್ತಿಲ್ಲವಂತೆ.

ನನಗೆ ಪರಮಾನಂದ. ಸುಮಾಳ ಕಿವಿಯಲ್ಲಿ ಅಂದೆ: “ನೋಡಿದ್ಯಾ, ಬಿಸ್ಕತ್ತು ಉಳಿಸ್ಕೊಂಡ್ರು, ಭಾಷೆ ಬಿಟ್ಬಿಟ್ರು.”

“ಸುಮ್ನಿರಿ, ಕೇಳಿಸುತ್ತೆ.”

“ಕೇಳಿಸಿದ್ರೂ ಅರ್ಥ ಆಗಲ್ಲ ಬಿಡು.”

ಅಜ್ಜಿ ಅನಘಾಳ ಕಡೆ ತಿರುಗಿ, ನಿನಗೆ ನಿಮ್ಮ ಭಾಷೆ ಬರುತ್ತದೆಯೇ ಎಂದರು. ನಾನು ಎದೆಯುಬ್ಬಿಸಿ, ಮುಂದಿನ ತಿಂಗಳು ಸಂಘದ ವೇದಿಕೆಯಲ್ಲಿ ಇವಳದೇ ಹಾಡು ಎಂದೆ. ಅನಘಾ ಅಮೆರಿಕದಲ್ಲಿ ಹುಟ್ಟಿದವಳು, ಪ್ರಾಮಾಣಿಕತೆಯ ರೋಗ ಅಂಟಿದೆ. ಆ ಹಾಡಿನ ಅರ್ಥ ತನಗೆ ಗೊತ್ತಿಲ್ಲವೆಂದೂ, ಅಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದಾರೆಂದೂ ಇಂಗ್ಲಿಷಿನಲ್ಲೇ ವರದಿ ಒಪ್ಪಿಸಿದಳು.

“ಓ, ಜಸ್ಟ್ ಲೈಕ್ ಅಸ್!” ಎಂದು ಅಜ್ಜಿ ಅವಳ ಕೈ ಹಿಡಿದುಕೊಂಡರು. ಕಳೆದುಹೋದ ನೆಂಟರು ಸಿಕ್ಕಷ್ಟು ಸಂಭ್ರಮ ಅವರಿಗೆ. ನನಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಸಂಜೆ ಕಾರು ಹತ್ತಿ ವಾಪಸು ಹೊರಟೆವು. ಅರ್ಧ ದಾರಿಗೆ ಅನಘಾ ಹಿಂದಿನ ಸೀಟಿನಿಂದ ಕೇಳಿದಳು: “ಅಪ್ಪಾ, ಆ ಸಾಂಗ್‌ದು ಮೀನಿಂಗ್ ಏನು?”

ಇದಕ್ಕೇ ಕಾಯುತ್ತಿದ್ದವನಂತೆ ಶುರುಮಾಡಿದೆ. ಮೊದಲ ಸಾಲು ಸಲೀಸಾಗಿ ದಾಟಿತು. ಎರಡನೆಯ ಸಾಲಿನಲ್ಲಿ ಒಂದು ಹಳಗನ್ನಡದ ಪದ ಅಡ್ಡ ಕೂತಿತು. ಸುಮಾಳನ್ನು ನೋಡಿದೆ. ಅವಳು ಕಿಟಕಿಯಾಚೆಯ ಪೈನ್ ಮರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಈ ಹಾಡನ್ನು ನಾನು ಚಿಕ್ಕಂದಿನಿಂದ ಹಾಡುತ್ತಿದ್ದೇನೆ. ಆ ಪದವೇನೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು.

“ಪರ್ವಾಗಿಲ್ಲ ಅಪ್ಪಾ,” ಎಂದಳು ಅನಘಾ, “ಯಾರೂ ಅರ್ಥ ಕೇಳಲ್ಲ.”

ಅಚ್ಚ ಕನ್ನಡದ ಈ ಮಾತನ್ನು ನಾನು ಅವಳಿಗೆ ಬರೆದುಕೊಟ್ಟಿರಲಿಲ್ಲ.