ಎಲ್ಲಾ ಎಡದ ತೋಳುಗಳು

ಬಟ್ಟೆ ಕತ್ತರಿಸೋದೇನು ಮಹಾ ಅಂತ ಯಾರಾದರೂ ಅಂದರೆ ಅವರನ್ನು ಕತ್ತರಿಯಕ್ಕನ ಮೇಜಿನ ಮುಂದೆ ಒಂದು ಗಳಿಗೆ ನಿಲ್ಲಿಸಬೇಕಿತ್ತು. ಹೊಲಿಯುವವಳು ತಪ್ಪಿದರೆ ಬಿಚ್ಚಿ ಹೊಲಿಯಬಹುದು. ಕತ್ತರಿಸುವವಳು ತಪ್ಪಿದರೆ ಮುಗೀತು, ದೇವರೇ ಇಳಿದು ಬಂದರೂ ಕೂಡಿಸಲಾರ. ಆಸ್ಪತ್ರೆಯ ದಾದಿಯರ ಕೋಟು, ಹೋಟೆಲ್ ಆಳುಗಳ ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳು ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲೆ ರಟ್ಟಿನ ಅಚ್ಚಿಟ್ಟು, ಸೀಮೆಸುಣ್ಣದ ಗೆರೆ ಎಳೆದು, ಕರೆಂಟಿನ ಕತ್ತಿಯಿಂದ ಇಡೀ ಗುಡ್ಡೆಯನ್ನು ಒಂದೇ ಸಲಕ್ಕೆ ಕೊಯ್ಯುತ್ತಿದ್ದಳು. ಎಡಗೈಗೆ ಉಕ್ಕಿನ ಬಲೆಯ ಕೈಗವಸು, ಬಲಗೈಯಲ್ಲಿ ಕತ್ತಿ, ಬಾಯಲ್ಲಿ ಬೈಗುಳ. ಅವಳ ಸೀಮೆಸುಣ್ಣ ಮುಟ್ಟಿದವರ ಏಳು ತಲೆಮಾರನ್ನು ಜಾಲಾಡಿಬಿಡೋಳು. ಹೊಲಿಗೆಯವರಿಗೆ ಅವಳೆಂದರೆ ಹೆದರಿಕೆ. ಆದರೆ ಅವಳು ಕೊಯ್ದ ಬಟ್ಟೆಯನ್ನು ಕಣ್ಣು ಮುಚ್ಚಿಕೊಂಡು ಹೊಲಿಯೋರು.

ಮನೆಯಲ್ಲಿ ಅವಳ ಮಾತು ಆಟಕ್ಕುಂಟು ಲೆಕ್ಕಕ್ಕಿಲ್ಲ. ಗಂಡ ಬೀಗ ರಿಪೇರಿಯವನು; ಊರವರ ಬೀಗವೆಲ್ಲ ತೆಗೀತಿದ್ದ, ಹೆಂಡತಿ ಎದುರಿಗೆ ಮಾತ್ರ ಬಾಯಿ ತೆಗೀತಿರಲಿಲ್ಲ. ತೆಗೆದರೆ ಕುಹಕ. ಹಾಗಾಗಿ ಆ ಉದ್ದನೆಯ ಮೇಜೇ ಅವಳಿಗೆ ಸರ್ವಸ್ವ. ಅದರ ಮುಂದೆ ನಿಂತಾಗ ಮಾತ್ರ ತಾನೂ ಒಂದು ಮನುಷ್ಯಜೀವ ಅನ್ನಿಸೋದು. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಹೇಳಿಕೊಳ್ಳುವ ಜಾಯಮಾನವೂ ಅವಳದಲ್ಲ.

ಮುಟ್ಟು ತಪ್ಪಿತಪ್ಪಿ ಬರೋಕೆ ಶುರುವಾದ ವರ್ಷ ಮೈಯೊಳಗೆ ಬೆಂಕಿಯೂ ಶುರುವಾಯಿತು. ಎದೆಯಿಂದ ಎದ್ದು ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ, ಆಮೇಲೆ ತಲೆಯಿಂದ ಧಾರಾಕಾರ ಬೆವರು. ಬೆವರಿನ ಹನಿ ಬಿಳಿ ಬಟ್ಟೆ ಮೇಲೆ ಬೀಳದಂತೆ ಹಣೆಗೆ ಚಿಂದಿ ಕಟ್ಟಿಕೊಂಡಳು. ನಿದ್ದೆ ಅನ್ನೋದು ಕನಸಾಯಿತು. ಅದೆಲ್ಲ ಹಾಳಾಗಿ ಹೋಗಲಿ ಅಂದರೆ, ತಲೆಗೇ ಮಂಜು ಕವಿಯೋಕೆ ಹತ್ತಿತು. ಕೈಯಲ್ಲೇ ಸೀಮೆಸುಣ್ಣ ಹಿಡಿದುಕೊಂಡು ಸೀಮೆಸುಣ್ಣ ಎಲ್ಲಿ ಅಂತ ಹುಡುಕೋಳು. ಯಾರಾದರೂ ನಕ್ಕರೆ ಮೈ ಪರಚಿಕೊಳ್ಳೋ ಹಾಗಾಗೋದು.

ಆಗಲೇ ಆ ತಪ್ಪು ಆಯಿತು. ಕಾರ್ಖಾನೆಯಲ್ಲಿ ಎರಡೂ ತೋಳಿಗೆ ಅಚ್ಚು ಒಂದೇ. ಬಟ್ಟೆಯನ್ನು ಮುಖಕ್ಕೆ ಮುಖ ತಾಗಿಸಿ, ಒಂದು ಪದರ ಮೇಲ್ಮುಖ, ಇನ್ನೊಂದು ಕೆಳಮುಖ ಅಂತ ಹಾಸಿದರೆ ಒಂದೇ ಕೊಯ್ತಕ್ಕೆ ಎಡದ ತೋಳೂ ಬರುತ್ತೆ, ಬಲದ ತೋಳೂ ಬರುತ್ತೆ. ಹೊಸದಾಗಿ ಸೇರಿದವಳಿಗೂ ಗೊತ್ತಿರೋ ವಿಷಯ. ಆವತ್ತು ಹಾಸುವಾಗ ಮೈಯೆಲ್ಲ ಕೆಂಡ, ಕಣ್ಣಿಗೆ ಬೆವರು. ಎಲ್ಲ ಪದರವನ್ನೂ ಮೇಲ್ಮುಖ ಹಾಸಿಬಿಟ್ಟಳು. ಕತ್ತಿ ಓಡಿತು. ದಾದಿಯರ ಕೋಟಿನ ತೋಳುಗಳು ಗುಡ್ಡೆ ಗುಡ್ಡೆಯಾಗಿ ಹೊಲಿಗೆಗೆ ಹೋದವು, ಅರ್ಧ ಗಂಟೆಯಲ್ಲಿ ವಾಪಸ್ ಬಂದವು. ಎಲ್ಲಾ ಎಡದ ತೋಳುಗಳು, ಒಂದೇ ಒಂದು ಬಲದ್ದಿಲ್ಲ.

“ಅಕ್ಕಾ, ದಾದಿಯರಿಗೆಲ್ಲ ಎರಡೂ ಎಡಗೈನಾ?” ಅಂದಳು ಹೊಲಿಗೆಯವಳೊಬ್ಬಳು. ಇಡೀ ಸಾಲು ಗೊಳ್ಳೆಂದಿತು. ಕತ್ತರಿಯಕ್ಕ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದು ನೋಡಿ ನಗುತ್ತಿದ್ದವರೇ ಹೆದರಿದರು.

ಮಾರನೆಯ ದಿನ ರಜೆ ಹಾಕಿ ಡಾಕ್ಟರಮ್ಮನ ಹತ್ತಿರ ಹೋದಳು. ಆಕೆ ರಕ್ತದೊತ್ತಡ ನೋಡಿ, ಎದೆ ಪರೀಕ್ಷೆ ಮಾಡಿ, ಮನೆಯಲ್ಲಿ ಯಾರಿಗೆ ಏನೇನು ಕಾಯಿಲೆ ಇತ್ತು ಅಂತ ಕೆದಕಿ ಕೆದಕಿ ಕೇಳಿದಳು. ಆಮೇಲೆ ಮೈಗೆ ಅಂಟಿಸುವ ಒಂದು ತೆಳು ಪಟ್ಟಿ ತೋರಿಸಿದಳು.

“ಇದು ಮಂತ್ರದ ನೀರಲ್ಲ, ಹಚ್ಚಿದ ತಕ್ಷಣ ತಣ್ಣಗಾಗೋಕೆ. ನಿಮ್ಮ ಮೈಯಲ್ಲಿ ಕಡಿಮೆಯಾಗಿರೋ ಹಾರ್ಮೋನನ್ನ ಇದು ಚರ್ಮದ ಮೂಲಕ ಸ್ವಲ್ಪ ಸ್ವಲ್ಪ ಕೊಡುತ್ತೆ. ಸೊಂಟದ ಕೆಳಗೆ ಅಂಟಿಸಿ, ವಾರಕ್ಕೆ ಎರಡು ಸಲ ಬದಲಾಯಿಸಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಚ್ಚಬೇಡಿ. ಗರ್ಭಕೋಶ ಇರೋರಿಗೆ ಪಟ್ಟಿ ಒಂದೇ ಸಾಲದು. ಅದರ ಒಳಪದರ ದಪ್ಪ ಆಗಬಾರದಲ್ಲ, ಅದಕ್ಕೆ ಮಲಗುವಾಗ ಈ ಮಾತ್ರೆ. ಇದನ್ನ ಮಾತ್ರ ಬಿಡಬೇಡಿ.”

“ಕ್ಯಾನ್ಸರ್ ಬರುತ್ತೆ ಅಂತಾರಲ್ಲ ಡಾಕ್ಟ್ರೇ?”

“ವರ್ಷಗಟ್ಟಲೆ ತಗೊಂಡ್ರೆ ಸ್ತನದ ಕ್ಯಾನ್ಸರಿನ ಸಂಭವ ಸ್ವಲ್ಪ ಜಾಸ್ತಿ ಆಗುತ್ತೆ, ಸುಳ್ಳು ಹೇಳಲ್ಲ. ಆ ಕಾಯಿಲೆ ಆಗಿದ್ದೋರಿಗೆ ನಾನು ಇದನ್ನ ಕೊಡೋದೂ ಇಲ್ಲ. ರಕ್ತ ಹೆಪ್ಪುಗಟ್ಟೋ ಭಯ ಹಾರ್ಮೋನ್ ಮಾತ್ರೆಗಿಂತ ಪಟ್ಟಿಯಲ್ಲಿ ಕಡಿಮೆ. ವರ್ಷಕ್ಕೊಮ್ಮೆ ಕೂತು, ಬೇಕೋ ಬೇಡವೋ ಮತ್ತೆ ನೋಡೋಣ. ಮೊದಮೊದಲು ಎದೆ ನೋಯಬಹುದು, ತಲೆನೋವು ಬರಬಹುದು, ಆಗೊಮ್ಮೆ ಈಗೊಮ್ಮೆ ರಕ್ತ ಕಾಣಿಸಬಹುದು. ಹೆದರಿಕೊಂಡು ಕಿತ್ತು ಬಿಸಾಡಬೇಡಿ. ಜಾಸ್ತಿ ಹೋದ್ರೆ, ಇಲ್ಲಾ ಆರು ತಿಂಗಳಾದ್ರೂ ನಿಲ್ಲದಿದ್ರೆ ಬನ್ನಿ. ಬೆವರು ಕೆಲವು ವಾರದಲ್ಲೇ ಇಳಿಯೋಕೆ ಶುರುವಾಗುತ್ತೆ. ಪೂರ್ತಿ ಗುಣ ಗೊತ್ತಾಗೋಕೆ ಮೂರು ತಿಂಗಳು ಬೇಕು.”

ಮೂರು ತಿಂಗಳು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಕತ್ತರಿಯಕ್ಕ ನೇರವಾಗಿ ಕಾರ್ಖಾನೆಯ ಒಡತಿಯ ಕೋಣೆಗೆ ಹೋದಳು. ಒಡತಿ ಅವಳಿಗಿಂತ ಐದಾರು ವರ್ಷಕ್ಕೆ ದೊಡ್ಡವಳು. ಎಂಥ ಸೆಕೆಯಲ್ಲೂ ಮುಖದ ಪೌಡರ್ ಕದಲದ ಹೆಂಗಸು. ಇಸ್ತ್ರಿ ಮುರಿಯದ ಕೋಟು ತೊಟ್ಟು ಇಡೀ ದಿನ ಗಾಜಿನ ಕಿಟಕಿಯಿಂದ ಕೆಳಗೆ ನೋಡುತ್ತಿರುತ್ತಿದ್ದಳು. ಆ ಕೋಟುಗಳನ್ನೂ ಕತ್ತರಿಯಕ್ಕನೇ ಅಳತೆ ತೆಗೆದು ಕೊಯ್ಯಬೇಕು, ಬೇರೆಯವರ ಕೈ ಆಗದು.

“ಅಮ್ಮಾ, ಮೂರು ತಿಂಗಳು ಟೈಮ್ ಕೊಡಿ. ಔಷಧಿ ಶುರು ಮಾಡಿದೀನಿ. ಅಲ್ಲೀವರೆಗೆ ನಾನು ಹಾಸಿದ ಮೇಲೆ ಇನ್ನೊಬ್ಬರು ಒಂದ್ಸಲ ನೋಡಲಿ. ಆಮೇಲೆ ನಾನು ಮೊದಲಿನ ಹಾಗೆ ಆಗ್ತೀನಿ.”

ಒಡತಿ ನಕ್ಕಳು. “ಮೂರು ತಿಂಗಳಾ? ಅಲ್ಲಮ್ಮಾ, ನಾನೂ ಹೆಂಗಸೇ ತಾನೆ? ನಂಗೂ ಆಗಿದ್ದೇ. ನಾನೇನು ಔಷಧಿ ಗಿವಷಧಿ ಅಂತ ಓಡಾಡಿದ್ನಾ? ಒಂದು ದಿನ ರಜಾ ಹಾಕ್ಲಿಲ್ಲ. ಮನಸ್ಸು ಗಟ್ಟಿ ಮಾಡ್ಕೋಬೇಕು, ಅಷ್ಟೇ. ನೀನು ಗುಂಡಿ ಹಚ್ಚೋ ಕಡೆ ಕೂತ್ಕೋ. ಮೇಜನ್ನ ನನ್ನ ಅಕ್ಕನ ಅಳಿಯ ನೋಡ್ಕೋತಾನೆ.”

ಗಾಯದ ಮೇಲೆ ಬರೆ ಅಂದರೆ ಇದೇ. ಆ ಅಳಿಯ ಮಹಾಶಯನಿಗೆ ಕತ್ತಿ ಹಿಡಿಯೋದು ಕಲಿಸಿದ್ದೇ ಕತ್ತರಿಯಕ್ಕ. ಅವಳು ಕೈಗವಸು ಕಳಚಿ ಮೇಜಿನ ಮೇಲಿಟ್ಟು ಬಂದಳು. ಒಡತಿಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ತನ್ನ ಮೇಲೇ ಹೇಸಿಗೆ ಬಂತು. ಆಕೆಯಿಂದ ಆಗಿದ್ದು ನನ್ನಿಂದ ಯಾಕೆ ಆಗಲಿಲ್ಲ, ನನ್ನ ಮನಸ್ಸು ಅಷ್ಟು ಪೊಳ್ಳಾ ಅಂತ ದಿನಾ ಕೇಳಿಕೊಂಡಳು. ಸಂಜೆ ಗಂಡ ಪಟ್ಟಿ ನೋಡಿ, “ಇದೇನು, ಮೈಗೆ ಪಂಕ್ಚರ್ ಹಾಕಿಸ್ಕೊಂಡು ಬಂದಿದೀಯಾ?” ಅಂದ. ಅಲ್ಲಿಗೆ ಆ ವಿಷಯ ಇನ್ನೊಬ್ಬರ ಹತ್ತಿರ ಬಾಯಿ ಬಿಡಬಾರದು ಅಂತ ತೀರ್ಮಾನ ಮಾಡಿದಳು.

ಗುಂಡಿ ವಿಭಾಗದಲ್ಲಿ ಕಿಟಕಿ ಒಂದೇ. ಅದರ ಪಕ್ಕದ ಜಾಗ ಗುಂಡಿತಂಗಿಯದು; ಮೆತ್ತನೆ ಹೆಂಗಸು, ಯಾರೇ ಸಿಕ್ಕರೂ ಅಕ್ಕ ಅನ್ನೋಳು. ಕತ್ತರಿಯಕ್ಕ ಬಂದ ಮೊದಲನೆ ದಿನವೇ ಅವಳು ತನ್ನ ಸ್ಟೂಲ್ ಎತ್ತಿಕೊಂಡು ಒಳಗೆ ಸರಿದಳು. “ನೀನು ಇಲ್ಲಿ ಕೂತ್ಕೋ ಅಕ್ಕಾ. ಗಾಳಿ ಬರುತ್ತೆ. ನಂಗೇನು, ನಾನು ಎಲ್ಲಿದ್ರೂ ತಣ್ಣಗಿರ್ತೀನಿ.” ಬೆವರಿದಾಗ ಯಾರಿಗೂ ಕಾಣದ ಹಾಗೆ ಒದ್ದೆ ಬಟ್ಟೆ ಕೈಗೆ ತುರುಕೋಳು. ಇವಳು ಗುಂಡಿ ತಲೆಕೆಳಗಾಗಿ ಹಚ್ಚಿದ್ದರೆ ತಾನೇ ಬಿಚ್ಚಿ ಹಚ್ಚೋಳು, ಒಂದು ಮಾತು ಆಡದೆ.

ಡಾಕ್ಟರಮ್ಮ ಹೇಳಿದ್ದೆಲ್ಲ ಬಂತು. ಎದೆ ಭಾರವಾಗಿ ನೋಯಿತು. ನಿಂತೇಹೋಯಿತು ಅಂದುಕೊಂಡ ರಕ್ತ ಮತ್ತೆ ಕಾಣಿಸಿತು. ಪಟ್ಟಿ ಕೀಳಬೇಕು ಅನ್ನಿಸಿ ಕೀಳದೆ ಉಳಿದಳು. ಪಟ್ಟಿ ತೆಗೆದ ಜಾಗದಲ್ಲಿ ಅಂಟು ಕೊಳೆ ಹಿಡಿದು ಬೂದು ಬಣ್ಣದ ಚೌಕ ಉಳಿಯೋದು. ಸೋಪಿಗೆ ಜಗ್ಗದು, ಎಣ್ಣೆ ಹಚ್ಚಿ ಉಜ್ಜಬೇಕು. ನಿಧಾನಕ್ಕೆ ಬೆಂಕಿ ಇಳಿಯಿತು. ನಿದ್ದೆ ಬಂತು. ಯೌವನವೇನೂ ವಾಪಸ್ ಬರಲಿಲ್ಲ, ಮಂಡಿ ನೋವು ಹಾಗೇ ಇತ್ತು. ಆದರೆ ಮಂಜು ಸರಿಯಿತು. ಮೂರು ತಿಂಗಳ ಹೊತ್ತಿಗೆ ಅವಳು ಕೂತ ಜಾಗದಿಂದಲೇ ಅಳಿಯನ ಹಾಸು ಎಲ್ಲಿ ಸೊಟ್ಟಗಿದೆ ಅಂತ ಹೇಳಬಲ್ಲವಳಾದಳು.

ಮೇಜು ಕೇಳೋಕೆ ಹೋದರೆ ಒಡತಿ ತಲೆ ಎತ್ತಲಿಲ್ಲ. “ಅದೆಲ್ಲ ಮುಗಿದ ಕತೆ. ಇದ್ದಲ್ಲೇ ಇರು.”

ಅದಾಗಿ ಕೆಲವು ವಾರಕ್ಕೆ ಒಡತಿಗೆ ಹೊಸ ಕೋಟು ಬೇಕಾಯಿತು. ಅಳತೆಗೆ ಅಳಿಯನನ್ನು ಕರೆಯೋಕಾಗುತ್ತಾ? ಕತ್ತರಿಯಕ್ಕನಿಗೇ ಬುಲಾವು ಬಂತು. ಒಳಕೋಣೆಯಲ್ಲಿ ಒಡತಿ ಒಳಲಂಗದಲ್ಲಿ ನಿಂತು ಕೈ ಎತ್ತಿದಳು. ಭುಜ ಆಯಿತು, ಎದೆ ಆಯಿತು. ಸೊಂಟಕ್ಕೆ ಟೇಪು ಸುತ್ತುವಾಗ ಲಂಗದ ಅಂಚು ಒಂದು ಬೆರಳಷ್ಟು ಕೆಳಗೆ ಜಾರಿತು.

ತೆಳು ಪಟ್ಟಿ. ಒಂದು ಮೂಲೆ ಎದ್ದಿತ್ತು. ಪಕ್ಕದಲ್ಲಿ ಬೂದು ಬಣ್ಣದ ಚೌಕ, ಅದರ ಪಕ್ಕ ಇನ್ನೊಂದು.

ಕತ್ತರಿಯಕ್ಕನಿಗೆ ಆ ಚೌಕಗಳ ಗುರುತು ಹತ್ತಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿತ್ತು, ಇವಳು ಬೆಕ್ಕಿನ ಮಾತು ನಂಬಿ ಇಷ್ಟು ದಿನ ತನ್ನ ಮನಸ್ಸಿಗೇ ಚಪ್ಪಲಿಯಲ್ಲಿ ಹೊಡೆದುಕೊಂಡಿದ್ದಳು.

“ಮೂಲೆ ಎದ್ದಿದೆ,” ಅಂದಳು. “ಒತ್ತಿಡಿ. ಇಲ್ಲಾಂದ್ರೆ ಬಿದ್ದುಹೋಗುತ್ತೆ.”

ಒಡತಿಯ ಕತ್ತು ಕೆಂಪಾಯಿತು. ಲಂಗ ಮೇಲೆ ಎಳೆದುಕೊಂಡಳು.

“ಎಷ್ಟು ವರ್ಷ ಆಯ್ತು?”

“ಆರು.”

“ಸರಿಹೋಗೋಕೆ ಎಷ್ಟು ದಿನ ಹಿಡೀತು ನಿಮಗೆ?”

ಒಡತಿ ಕನ್ನಡಿ ಕಡೆ ನೋಡಿದಳು. “ಮೂರು ತಿಂಗಳು.”

ಥೂ ಅಂತ ಮುಖಕ್ಕೆ ಉಗಿದು ಬರಬಹುದಿತ್ತು. ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂತ ಕೆಳಗಿಳಿದು ಕೂಗಿ ಹೇಳಬಹುದಿತ್ತು. ಅವಳ ಬಾಯಿಗೆ ಅದೇನು ದೊಡ್ಡದಲ್ಲ. ಆದರೆ ಒಡತಿ ಅಷ್ಟರಲ್ಲಿ ಚೇತರಿಸಿಕೊಂಡಿದ್ದಳು.

“ನಾಳೆಯಿಂದ ಮೇಜಿಗೆ ಬಾ,” ಅಂದಳು. “ಅಳಿಯನಿಗೆ ನಾನು ಹೇಳ್ತೀನಿ. ಆದ್ರೆ ಒಂದು ಮಾತು. ಪಟ್ಟಿ ಅನ್ನೋ ಸುದ್ದಿಯೇ ಈ ಕಟ್ಟಡದೊಳಗೆ ಬರಬಾರದು. ನನ್ನದೂ ಇಲ್ಲ, ನಿನ್ನದೂ ಇಲ್ಲ. ನೀನು ಹಚ್ಚಿಕೊಂಡು ವಾಸಿಯಾದೆ ಅಂದ್ರೆ, ನಾಳೆ ಎಲ್ಲರೂ ಮೂರು ತಿಂಗಳು ಕೇಳ್ಕೊಂಡು ನನ್ನ ಬಾಗಿಲಿಗೆ ಬರ್ತಾರೆ.”

ಕತ್ತರಿಯಕ್ಕ ಟೇಪು ಸುತ್ತಿದಳು. ಹೂಂ ಅಂದಳು. ಎಂಥ ಹಾಳು ಹೂಂ ಅದು! ಅದನ್ನು ಅಂದವಳಿಗೂ ಆ ಕ್ಷಣಕ್ಕೆ ಗೊತ್ತಿತ್ತು.

ಮೇಜು ಸಿಕ್ಕಿತು. ಕೈಗವಸು ಕೈಗೆ ಸರಿಯಾಗಿ ಕೂತಿತು. ಹೊಲಿಗೆಯವರು ಮತ್ತೆ ಬೈಸಿಕೊಂಡು ಖುಷಿಪಟ್ಟರು. ಹೀಗೆ ವರ್ಷ ತಿರುಗುವ ಹೊತ್ತಿಗೆ ಒಂದು ಮಧ್ಯಾಹ್ನ ಗುಂಡಿತಂಗಿ ಮೇಜಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ಗುಂಡಿ ಡಬ್ಬದ ರಟ್ಟು, ಅದರಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದಳು. ಕತ್ತೆಲ್ಲ ಒದ್ದೆ. ಬೆಳಗ್ಗೆ ತಾನೇ ಒಂದು ರಾಶಿ ಅಂಗಿಗೆ ಗುಂಡಿಯನ್ನು ಕಾಜದ ಕಡೆಗೇ ಹಚ್ಚಿಬಿಟ್ಟು ಬೈಸಿಕೊಂಡಿದ್ದಳು.

“ಅಕ್ಕಾ, ನಂಗೆ ಹುಚ್ಚು ಹಿಡಿಯುತ್ತೇನೋ. ನಿಂಗೂ ಹೀಗೇ ಆಗಿತ್ತಲ್ವಾ, ನಾನೇ ಕಣ್ಣಾರೆ ನೋಡಿದೀನಿ. ನೀನು ಹೇಗೆ ಸರಿಹೋದೆ? ಏನಾದ್ರೂ ಔಷಧಿ ತಗೊಂಡ್ಯಾ?”

ಡಾಕ್ಟರಮ್ಮನ ಬೀದಿ, ಬಾಗಿಲು, ಮೂರು ತಿಂಗಳು, ಎಲ್ಲಾ ನಾಲಗೆಯ ತುದಿಯಲ್ಲಿತ್ತು. ಮೇಲಿನ ಗಾಜಿನ ಕಿಟಕಿಯಲ್ಲಿ ಹೊಸ ಕೋಟು ನಿಂತಿತ್ತು.

“ಔಷಧಿ ಗಿವಷಧಿ ಏನಿಲ್ಲ ಕಣೇ,” ಅಂದಳು ಕತ್ತರಿಯಕ್ಕ. “ಮನಸ್ಸು ಗಟ್ಟಿ ಮಾಡ್ಕೋಬೇಕು, ಅಷ್ಟೇ.”

“ನನ್ನ ಮನಸ್ಸೇ ಪೊಳ್ಳು ಇರ್ಬೇಕು ಬಿಡು,” ಅಂತ ಗುಂಡಿತಂಗಿ ನಕ್ಕು, ರಟ್ಟು ಬೀಸಿಕೊಳ್ಳುತ್ತ ತನ್ನ ಸ್ಟೂಲಿನ ಕಡೆ ನಡೆದಳು. ಕತ್ತರಿಯಕ್ಕ ಕತ್ತಿ ಚಾಲೂ ಮಾಡಿದಳು. ಆವತ್ತು ಎಡದ ತೋಳುಗಳೂ ಬಲದ ತೋಳುಗಳೂ ಸರಿಯಾಗಿಯೇ ಬಂದವು.